ಕಲ್ಲಿನ ವೀರನೂ ಕಾವ್ಯದ ನಾಯಕನೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲೆ ಬೊಮ್ಮನಹಳ್ಳಿ ಎಂಬ ಊರುಂಟು. ಹಳ್ಳಿ ಎಂಬುದು ಈಗ ಅದರ ಹೆಸರಿನಲ್ಲಿ ಮಾತ್ರ ಉಳಿದಿದೆ. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆ ಅದರ ತಲೆಯ ಮೇಲೆ ಹಾದುಹೋಯಿತು. 2025ರ ಆಗಸ್ಟ್ ತಿಂಗಳಿನಿಂದ ಮೆಟ್ರೊ ರೈಲೂ ಅಲ್ಲಿ ನಿಲ್ಲುತ್ತಿದೆ. ಉಡುಪಿನ ಕಾರ್ಖಾನೆಗಳಿಗೂ ಕಚೇರಿಗಳಿಗೂ ಧಾವಿಸುವ ಈ ಜನಸಂದಣಿಯ ನಡುವೆ ಮಹಾಕಾವ್ಯದ ಮಾತೆತ್ತಿದರೆ, ಎಲ್ಲಿಗೆಲ್ಲಿಯ ಸಂಬಂಧವೆಂದು ಯಾರಾದರೂ ನಕ್ಕಾರು. ಆದರೂ ಮಹಾಕಾವ್ಯದ ಲಕ್ಷಣವೇನು, ಅದರ ನಾಯಕನೆಂದರೆ ಯಾರು ಎಂಬ ಪ್ರಶ್ನೆಗಳನ್ನು ವಿಚಾರಿಸತಕ್ಕವರು ಈ ಊರಿನಿಂದಲೇ ಹೊರಡುವುದು ಲೇಸು. ಇಲ್ಲಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನಲ್ಲಿ, ಹೆಚ್ಚುಕಡಿಮೆ ಆದಿಕವಿ ಪಂಪ ಹುಟ್ಟಿದ ಕಾಲದಲ್ಲಿಯೇ, ಒಬ್ಬ ವೀರನ ಕಥೆಯನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದರು. ಕಲ್ಲು ಹೇಳುವ ವೀರನಿಗೂ ಕಾವ್ಯ ಹೇಳುವ ವೀರನಿಗೂ ಇರುವ ಹೋಲಿಕೆ ಎಷ್ಟು, ವ್ಯತ್ಯಾಸ ಎಷ್ಟು ಎಂಬುದನ್ನು ತಿಳಿದರೆ ಮಹಾಕಾವ್ಯದ ಮರ್ಮ ಅರ್ಧ ತಿಳಿದಂತೆಯೇ ಸರಿ.

ಬೇಗೂರಿನ ಶಿಲೆ

ಬೇಗೂರಿನ ಹಳೆಯ ಹೆಸರು ಬೆಂಪೂರು. ಅಲ್ಲಿನ ನಾಗೇಶ್ವರ ದೇವಾಲಯ ಗಂಗರ ಕಾಲದ್ದು. ಕ್ರಿ. ಶ. 900ರ ಸುಮಾರಿಗೆ ಗಂಗರಿಗೂ ನೊಳಂಬರಿಗೂ ಈ ಸೀಮೆಯಲ್ಲಿ ಯುದ್ಧ ನಡೆಯಿತು. ಗಂಗದೊರೆ ಎರೆಯಪ್ಪನ ಕಡೆಯಿಂದ ನಾಗತ್ತರನೆಂಬ ನಾಯಕ ಸೇನೆಯೊಡನೆ ಹೋಗಿ, ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ದಂಡನ್ನು ಎದುರಿಸಿದನು. ತನ್ನ ಕಡೆಯ ಪಡೆ ಕುಂದುತ್ತಿರುವುದನ್ನು ಕಂಡು ಆನೆಗಳ ಗುಂಪಿನ ಮೇಲೆ ಬಿದ್ದು ಕಾದಿ ಮಡಿದನು. ಸುದ್ದಿಯನ್ನು ಕೇಳಿ ಮೆಚ್ಚಿದ ಅರಸ ಇರುಗನೆಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆನೆ ಕುದುರೆ ಕಾಲಾಳುಗಳ ಹೋರಾಟವನ್ನು ಕಡೆದಿರುವ ಆ ದೊಡ್ಡ ಹಾಸುಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ದೇವಾಲಯದಲ್ಲಿಯೇ ದೊರೆತ ಇನ್ನೊಂದು ಶಾಸನ, ನಾಗತ್ತರನ ಮನೆಗೆ ಸೇರಿದವನೊಬ್ಬ ಬೆಂಗಳೂರ ಕಾಳಗದಲ್ಲಿ ಸತ್ತುದನ್ನು ತಿಳಿಸುತ್ತದೆ. ಬೆಂಗಳೂರು ಎಂಬ ಹೆಸರಿಗೆ ಇದು ಅತ್ಯಂತ ಹಳೆಯ ಆಧಾರಗಳಲ್ಲೊಂದೆಂದು ಪ್ರಸಿದ್ಧವಾಗಿದೆ. ಇಂದಿನ ಮಹಾನಗರದ ಹೆಸರು ಮೊದಲು ನಮ್ಮ ಕಣ್ಣಿಗೆ ಬೀಳುವುದು ಒಬ್ಬ ವೀರನ ಮರಣದ ಸಂದರ್ಭದಲ್ಲಿ ಎಂಬುದು ಗಮನಾರ್ಹ.

ಅದೇ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೂ ಇದೆ. ಕ್ರಿ. ಶ. 950ರ ಸುಮಾರಿಗೆ ಸೇರಿದ ಆ ಕಲ್ಲಿನ ವೀರ ಮನುಷ್ಯನಲ್ಲ, ಕಾಳಿ ಎಂಬ ಬೇಟೆನಾಯಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಈ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಗೂ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು.

ಈ ಎರಡು ಕಲ್ಲುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಅಂದಿನವರ ವೀರಧರ್ಮ ಸ್ಪಷ್ಟವಾಗುತ್ತದೆ. ಅನ್ನವಿಟ್ಟ ಒಡೆಯನ ಋಣವನ್ನು ಪ್ರಾಣಕೊಟ್ಟು ತೀರಿಸುವುದೇ ಆ ಧರ್ಮ. ಜೋಳವಾಳಿ ಎಂದು ಹಳಗನ್ನಡದಲ್ಲಿ ಅದಕ್ಕೆ ಹೆಸರು. ತಿಂದ ಜೋಳಕ್ಕೆ ತಪ್ಪದಿರುವವನೇ ವೀರ. ನಾಗತ್ತರನೂ ತಪ್ಪಲಿಲ್ಲ, ಕಾಳಿಯೂ ತಪ್ಪಲಿಲ್ಲ. ಕಲ್ಲಿಗೆ ಅಷ್ಟು ಸಾಕು. ಮಹಾಕಾವ್ಯಕ್ಕೆ ಅಷ್ಟು ಸಾಲದು.

ಲಕ್ಷಣಕಾರರು ಹೇಳಿದ್ದು

ಮಹಾಕಾವ್ಯವೆಂದರೆ ಏನೆಂಬುದನ್ನು ನಮ್ಮ ಆಲಂಕಾರಿಕರಲ್ಲಿ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಅಡಕವಾಗಿ ಹೇಳಿದ್ದಾನೆ. ಅದು ಸರ್ಗಗಳಾಗಿ ಭಾಗವಾಗಿರಬೇಕು. ಹರಕೆಯಿಂದಲೋ ನಮಸ್ಕಾರದಿಂದಲೋ ಕಥಾವಸ್ತುವಿನ ಸೂಚನೆಯಿಂದಲೋ ಮೊದಲಾಗಬೇಕು. ಕಥೆ ಇತಿಹಾಸದಿಂದ ಬಂದುದಾಗಿರಬೇಕು, ಇಲ್ಲವೆ ಬೇರೆ ಸತ್ಕಥೆಯಾಗಿರಬೇಕು. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳು ಅದರಲ್ಲಿ ತೋರಬೇಕು. ನಾಯಕ ಚತುರನೂ ಉದಾತ್ತನೂ ಆಗಿರಬೇಕು. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ವರ್ಣನೆ, ವನವಿಹಾರ, ಜಲಕ್ರೀಡೆ, ವಿರಹ, ವಿವಾಹ, ಪುತ್ರಜನನ, ಮಂತ್ರಾಲೋಚನೆ, ದೂತಕಾರ್ಯ, ದಂಡಯಾತ್ರೆ, ಯುದ್ಧ, ಕೊನೆಗೆ ನಾಯಕನ ಅಭ್ಯುದಯ ಎಲ್ಲವೂ ಇರಬೇಕು. ಕನ್ನಡ ಕವಿಗಳು ಅಷ್ಟಾದಶ ವರ್ಣನೆಗಳೆಂದು ಎಣಿಸಿಕೊಂಡು ಬಂದದ್ದು ಇವುಗಳನ್ನೇ. ಕ್ರಿ. ಶ. 850ರ ಸುಮಾರಿನ ಕವಿರಾಜಮಾರ್ಗವೂ ದಂಡಿಗೆ ಬಹಳವಾಗಿ ಋಣಿ.

ಪಶ್ಚಿಮದಲ್ಲಿ ಗ್ರೀಕರ ಅರಿಸ್ಟಾಟಲ್ ಬೇರೊಂದು ಕಡೆಯಿಂದ ಇದೇ ವಿಷಯವನ್ನು ಕಂಡನು. ಮಹಾಕಾವ್ಯಕ್ಕೆ ಆದಿ, ಮಧ್ಯ, ಅಂತ್ಯಗಳುಳ್ಳ ಒಂದೇ ಕ್ರಿಯೆ ಇರಬೇಕೆಂದೂ, ಮೊದಲಿನಿಂದ ಕೊನೆಯವರೆಗೆ ಗಂಭೀರವಾದ ಒಂದೇ ಛಂದಸ್ಸು ಒಪ್ಪುವುದೆಂದೂ ಅವನ ಮತ. ಟ್ರಾಯ್ ಯುದ್ಧವನ್ನೆಲ್ಲ ಹೇಳಹೊರಡದೆ ಅದರ ಒಂದು ಭಾಗವನ್ನು ಮಾತ್ರ ಆರಿಸಿಕೊಂಡ ಹೋಮರನನ್ನು ಅವನು ಮೆಚ್ಚಿದನು. ಯುದ್ಧ ಹತ್ತು ವರ್ಷ ನಡೆದಿದ್ದರೂ ಇಲಿಯಡ್ ಕಾವ್ಯದ ಕಥೆ ಕೊನೆಯ ವರ್ಷದ ಕೆಲವೇ ವಾರಗಳಲ್ಲಿ ಮುಗಿಯುತ್ತದೆ.

ಈ ಲಕ್ಷಣಗಳೆಲ್ಲ ಉಪಯುಕ್ತವಾದವು; ಆದರೆ ಇವುಗಳಲ್ಲಿ ಹೆಚ್ಚಿನವು ಮಹಾಕಾವ್ಯದ ಮೈಗೆ ಸಂಬಂಧಿಸಿದವು. ಹದಿನೆಂಟು ವರ್ಣನೆಗಳನ್ನೂ ತಪ್ಪದೆ ತುಂಬಿಟ್ಟ ಎಷ್ಟೋ ಕಾವ್ಯಗಳು ಇಂದು ಓದುಗರಿಲ್ಲದೆ ಮಲಗಿವೆ. ದಂಡಿಯ ಒಂದು ಮಾತು ಮಾತ್ರ ಪ್ರಾಣದ ಹತ್ತಿರ ಬರುತ್ತದೆ. ನಾಯಕನನ್ನು ಹೊಗಳಲು ಎರಡು ದಾರಿಗಳುಂಟೆಂದು ಅವನು ಹೇಳುತ್ತಾನೆ. ನಾಯಕನ ಗುಣಗಳನ್ನೇ ಹೇಳಿ, ಅವನು ಹಗೆಯನ್ನು ಗೆದ್ದನೆನ್ನುವುದು ಒಂದು. ಹಗೆಯ ಕುಲ, ಶೌರ್ಯ, ವಿದ್ಯೆಗಳನ್ನು ಮನಸಾರೆ ವರ್ಣಿಸಿ, ಅಂಥವನನ್ನು ನಾಯಕ ಗೆದ್ದನೆನ್ನುವುದು ಇನ್ನೊಂದು. ಎರಡನೆಯದು ತನಗೆ ಸಂತೋಷ ಕೊಡುವುದೆಂದು ಆಚಾರ್ಯನ ಅಭಿಪ್ರಾಯ. ಕನ್ನಡದ ಮಹಾಕವಿಗಳು ಈ ಎರಡನೆಯ ದಾರಿಯನ್ನು ಹಿಡಿದು ಆಚಾರ್ಯನಿಗಿಂತ ಬಹುದೂರ ಮುಂದೆ ಹೋದರು.

ಎರಡು ಋಣಗಳ ನಡುವೆ

ಬೇಗೂರಿನ ಕಲ್ಲು ನಿಂತ ಸುಮಾರು ನಾಲ್ಕು ದಶಕಗಳ ಅನಂತರ, 941ರಲ್ಲಿ, ಪಂಪ ವಿಕ್ರಮಾರ್ಜುನ ವಿಜಯವನ್ನು ಬರೆದನು. ಅವನ ಆಶ್ರಯದಾತ ವೇಮುಲವಾಡದ ಚಾಳುಕ್ಯ ಇಮ್ಮಡಿ ಅರಿಕೇಸರಿ. ಅರ್ಜುನನನ್ನು ಅರಿಕೇಸರಿಯೊಡನೆ ಅಭೇದವಾಗಿ ಕಲ್ಪಿಸಿ, ಭಾರತ ಕಥೆಯನ್ನೇ ಹದಿನಾಲ್ಕು ಆಶ್ವಾಸಗಳಲ್ಲಿ ತನ್ನೊಡೆಯನ ಕಥೆಯಾಗುವಂತೆ ಪಂಪ ಹೆಣೆದನು. ದ್ರೌಪದಿ ಅರ್ಜುನನೊಬ್ಬನನ್ನೇ ವರಿಸುತ್ತಾಳೆ. ಕೊನೆಗೆ ಪಟ್ಟವಾಗುವುದೂ ಅರ್ಜುನನಿಗೆ, ಅವನ ಪಕ್ಕದಲ್ಲಿ ಸುಭದ್ರೆಗೆ. ದಂಡಿಯ ಲಕ್ಷಣದಂತೆ ಇಲ್ಲಿ ನಾಯಕನಿಗೆ ಸಂಪೂರ್ಣ ಅಭ್ಯುದಯವಿದೆ. ಪಂಪ ಸ್ವತಃ ಕತ್ತಿ ಹಿಡಿದ ಕಲಿ. ಒಡೆಯನ ಋಣವೆಂದರೇನೆಂದು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಆದರೂ ಆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಬೇರೂರಿ ನಿಲ್ಲುವವನು ಕರ್ಣ. ಯುದ್ಧಕ್ಕೆ ಮುನ್ನ ಕೃಷ್ಣನು ಅವನ ಜನ್ಮರಹಸ್ಯವನ್ನು ಬಿಚ್ಚಿ ಹೇಳುತ್ತಾನೆ. ಗಂಗೆಯ ದಡಕ್ಕೆ ಕುಂತಿಯೂ ಬರುತ್ತಾಳೆ. ಆ ಕ್ಷಣದಲ್ಲಿ ಕರ್ಣನ ಮುಂದೆ ಎರಡು ಋಣಗಳು ನಿಲ್ಲುತ್ತವೆ. ಒಂದು ಹೆತ್ತ ತಾಯಿಯದು, ಒಡಹುಟ್ಟಿದವರದು. ಇನ್ನೊಂದು ಲೋಕವೆಲ್ಲ ಸೂತಪುತ್ರನೆಂದು ಹಳಿದಾಗ ಪಕ್ಕಕ್ಕೆ ಕರೆದು ಕೂರಿಸಿದ ದುರ್ಯೋಧನನದು. ಒಂದನ್ನು ತೀರಿಸಿದರೆ ಇನ್ನೊಂದಕ್ಕೆ ದ್ರೋಹ. ಎರಡರಲ್ಲಿ ಯಾವುದೂ ಸುಳ್ಳಲ್ಲ. ತನ್ನ ಪಕ್ಷಕ್ಕೆ ಸೋಲು ಖಂಡಿತವೆಂಬುದನ್ನು ಬಲ್ಲ ಕರ್ಣ ದುರ್ಯೋಧನನ ಕಡೆಯೇ ಉಳಿಯುತ್ತಾನೆ. ಆದರೆ ಹಾಗೆ ಉಳಿದವನು ಹಿಂದಿನ ಕರ್ಣನಲ್ಲ. ಹಿಂದೆ ಭೀಷ್ಮನ ವೃದ್ಧಾಪ್ಯವನ್ನು ಹಂಗಿಸಿ ಮಾತನಾಡಿದ್ದವನು, ಶರಶಯ್ಯೆಯ ಬಳಿಗೆ ಹೋಗಿ ಆ ಮುದುಕನ ಪಾದಗಳಲ್ಲಿ ಕ್ಷಮೆ ಬೇಡುತ್ತಾನೆ.

ಇಲ್ಲಿ ಕಲ್ಲಿಗೂ ಕಾವ್ಯಕ್ಕೂ ಇರುವ ಅಂತರ ಹೊಳೆಯುತ್ತದೆ. ನಾಗತ್ತರನ ಕಲ್ಲು ಅವನು ಹೇಗೆ ಸತ್ತನೆಂದು ಹೇಳುತ್ತದೆ. ಸಾಯುವುದಕ್ಕೆ ಹೊರಡುವ ಮುನ್ನ ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಕಾವ್ಯದ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ. ಕಲ್ಲಿನ ವೀರನಿಗೆ ಋಣ ಒಂದೇ. ಮಹಾಕಾವ್ಯದ ನಾಯಕನಿಗೆ ಎರಡು. ಧೈರ್ಯವೊಂದೇ ವೀರನ ಲಕ್ಷಣವಾಗಿದ್ದರೆ ಆತಕೂರಿನ ಕಾಳಿಗಿಂತ ಮಿಗಿಲಾದ ನಾಯಕನನ್ನು ಹುಡುಕುವುದು ಕಷ್ಟ. ಆದರೆ ಕಾಳಿ ಆಯ್ದುಕೊಳ್ಳಬೇಕಾಗಿರಲಿಲ್ಲ. ವ್ಯಾಸಭಾರತದ ಕೊನೆಯಲ್ಲಿಯೂ ಒಂದು ನಾಯಿ ಬರುತ್ತದೆ. ಅಲ್ಲಿ ಪರೀಕ್ಷೆ ನಾಯಿಗಲ್ಲ, ಸ್ವರ್ಗವೋ ನಂಬಿ ಬಂದ ಪ್ರಾಣಿಯೋ ಎಂದು ನಿರ್ಣಯಿಸಬೇಕಾದ ಧರ್ಮರಾಯನಿಗೆ.

ಕರ್ಣ ಸತ್ತಾಗ ಪಂಪ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಇವನನ್ನು ನೆನೆಯಿರೆಂದು ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತಾನೆ. ಅರಸನನ್ನೇ ನಾಯಕನನ್ನಾಗಿ ಮಾಡಿದ ಕಾವ್ಯದಲ್ಲಿ, ಆ ನಾಯಕನ ಬಾಣದಿಂದ ಸತ್ತವನಿಗೆ ಇಂಥ ಮಾತು ಸಲ್ಲುವುದು ಸಾಮಾನ್ಯ ಸಂಗತಿಯಲ್ಲ. ಅರಿಕೇಸರಿಗೆ ಕೊಡಬೇಕಾದ ಗೆಲುವನ್ನು ಕವಿ ಕೊಟ್ಟಿದ್ದಾನೆ. ನೆನಪನ್ನು ಮಾತ್ರ ಬೇರೊಬ್ಬನಿಗೆ ತೆಗೆದಿಟ್ಟಿದ್ದಾನೆ.

ಸೋತವನ ಘನತೆ

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಧೋಳದ ರನ್ನ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಬಳೆಗಾರರ ಕುಲದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೇರಿದ ಈ ಕವಿ, ಸಾಹಸಭೀಮವಿಜಯದಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿದನು. ಜನ ಆ ಕಾವ್ಯವನ್ನು ಗದಾಯುದ್ಧವೆಂದೇ ಕರೆಯುತ್ತಾರೆ. ಹದಿನೆಂಟು ದಿನಗಳ ಯುದ್ಧವನ್ನು ಕೊನೆಯ ದಿನದಲ್ಲಿ ನಿಂತು, ಸಿಂಹ ಹಿಂದಿರುಗಿ ನೋಡುವಂತೆ, ನೋಡುವ ಕ್ರಮ ಅವನದು. ಕಥೆಯ ನಡುವಿನಿಂದ ತೊಡಗುವ ಹೋಮರನ ಜಾಣ್ಮೆಗೂ ಇದಕ್ಕೂ ದೂರದ ನಂಟುಂಟು.

ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗ ಕನ್ನಡ ಕಾವ್ಯದ ಉನ್ನತ ಶಿಖರಗಳಲ್ಲಿ ಒಂದು. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಒಬ್ಬೊಬ್ಬರನ್ನೇ ಅವನು ಕಾಣುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ದೇಹದ ಮುಂದೆಯೂ ನಿಂತು, ಆ ಬಾಲಕನ ಶೌರ್ಯವನ್ನು ಹೃದಯತುಂಬಿ ಮೆಚ್ಚುತ್ತಾನೆ. ಸಂಧಿ ಮಾಡಿಕೊಳ್ಳೆಂದು ಭೀಷ್ಮ ಹೇಳಿದರೆ ಒಪ್ಪುವುದಿಲ್ಲ. ತಾನು ಹೋರಾಡುವುದು ಮಣ್ಣಿನ ಆಸೆಗಲ್ಲ, ಹಿಡಿದ ಛಲಕ್ಕೆ ಎಂಬುದು ಅವನ ನಿಲುವು. ಕರ್ಣನೂ ದುಶ್ಶಾಸನನೂ ಇಲ್ಲದ ಮೇಲೆ ರಾಜ್ಯದಿಂದ ಅವನಿಗೇನು ಸುಖ? ಅವನ ತಪ್ಪುಗಳನ್ನು ಕವಿ ಅಳಿಸಿಲ್ಲ. ದ್ರೌಪದಿಯ ಅವಮಾನದ ನೆನಪು ಕಾವ್ಯದ ಉದ್ದಕ್ಕೂ ಉರಿಯುತ್ತಿದೆ. ಆದರೂ ಕೊನೆಗೆ ಓದುಗನ ಕಣ್ಣು ಒದ್ದೆಯಾಗುವುದು ತೊಡೆ ಮುರಿದು ಬಿದ್ದವನಿಗಾಗಿ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ಗದಾಯುದ್ಧ ನಾಟಕವಾಗಿ ಅಳವಡಿಸಿದಾಗ, ಗ್ರೀಕ್ ರುದ್ರನಾಟಕದ ನಾಯಕನ ಘನತೆಯನ್ನು ದುರ್ಯೋಧನನಲ್ಲಿ ಕಂಡುದು ಆಕಸ್ಮಿಕವಲ್ಲ.

ಹೋಮರನೂ ಹೀಗೆಯೇ ಮಾಡಿದ್ದಾನೆ. ಅಕಿಲೀಸನ ಮುಂದೆ ಎರಡು ವಿಧಿಗಳಿದ್ದವು: ಕೀರ್ತಿಯಿಲ್ಲದ ದೀರ್ಘಾಯುಸ್ಸು, ಇಲ್ಲವೆ ಅಳಿಯದ ಕೀರ್ತಿಯ ಅಲ್ಪಾಯುಸ್ಸು. ಅವನಿಂದ ಹತನಾಗುವ ಹೆಕ್ಟರ್ ಟ್ರಾಯ್ ನಗರದ ರಕ್ಷಕ. ಶಿರಸ್ತ್ರಾಣದ ಜುಟ್ಟನ್ನು ಕಂಡು ಹೆದರಿ ಅಳುವ ಹಸುಗೂಸನ್ನು ಎತ್ತಿಕೊಳ್ಳಲು ಆ ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಡುವ ತಂದೆ. ಕೊನೆಯಲ್ಲಿ ಮುದುಕ ಪ್ರಿಯಮ್ ಇರುಳಿನಲ್ಲಿ ಶತ್ರುವಿನ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದವನ ಕೈಗೆ ಮುತ್ತಿಟ್ಟು ಹೆಣವನ್ನು ಬೇಡುತ್ತಾನೆ. ಗ್ರೀಕರ ಆ ಮಹಾಕಾವ್ಯ ಮುಗಿಯುವುದು ಗ್ರೀಕರ ಜಯದಿಂದಲ್ಲ, ಹೆಕ್ಟರನ ಅಂತ್ಯಕ್ರಿಯೆಯಿಂದ. ತನ್ನವರ ಗೆಲುವನ್ನು ಹಾಡುವುದು ಯಾವ ಆಸ್ಥಾನ ಗಾಯಕನಿಗೂ ಸಾಧ್ಯ. ಎದುರಾಳಿಯ ದುಃಖಕ್ಕೂ ಜಾಗ ಕೊಡುವುದು ಮಹಾಕವಿಗೆ ಮಾತ್ರ ಸಾಧ್ಯ.

ಕಿವಿಯಿಂದ ಕಿವಿಗೆ

ಮಹಾಕಾವ್ಯಕ್ಕೆ ಇನ್ನೊಂದು ಲಕ್ಷಣವುಂಟು. ಅದು ಒಬ್ಬನ ಏಕಾಂತದ ಓದಿಗಾಗಿ ಹುಟ್ಟಿದ್ದಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾಮಿನೀ ಷಟ್ಪದಿಯಲ್ಲಿ ಹಾಡಿದ ಭಾರತ, ಗಮಕಿಗಳ ಕಂಠದಿಂದ ಊರೂರ ಚಾವಡಿಗಳನ್ನು ತಲುಪಿತು. ಓದುಬರಹ ಬಾರದವರೂ ಅದನ್ನು ಕೇಳಿ ಕರ್ಣನಿಗಾಗಿ ಮರುಗಿದರು. ಮನೆಯ ಹಿರಿಯರೊಬ್ಬರು ಓದಿ, ಉಳಿದವರೆಲ್ಲ ಕುಳಿತು ಕೇಳುವ ಪದ್ಧತಿ ಕನ್ನಡ ಕುಟುಂಬಗಳಲ್ಲಿ ಬಹುಕಾಲ ನಡೆದುಬಂದಿತ್ತು.

ಶಾಸ್ತ್ರಕಾರರ ಪಟ್ಟಿಗೆ ಸಿಕ್ಕದ ಮಹಾಕಾವ್ಯಗಳೂ ಕನ್ನಡದಲ್ಲಿವೆ. ಮಲೆ ಮಹದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ರಾತ್ರಿಯೆಲ್ಲ ಹಾಡುತ್ತಾರೆ. ಅಲ್ಲಿ ಸರ್ಗಗಳಿಲ್ಲ, ಸಾಲುಗಳಿವೆ. ಚಂದ್ರೋದಯದ ವರ್ಣನೆ ಕಡ್ಡಾಯವಲ್ಲ. ಆದರೆ ಶ್ರವಣನಂಥ ಪ್ರಬಲ ದೊರೆಯನ್ನು ಮಾದಪ್ಪ ಅಡಗಿಸುವ ಭಾಗವಿದೆ. ಗಂಡನ ಅನುಮಾನಕ್ಕೆ ಗುರಿಯಾಗಿ ಕಾಡಿನಲ್ಲಿ ಹಿಂಸೆಪಟ್ಟ ಸಂಕಮ್ಮನ ಸಾಲಿದೆ. ಅರಮನೆಯ ಕಾವ್ಯಗಳಲ್ಲಿ ಹೆಚ್ಚಾಗಿ ಮೌನವಾಗಿರುವ ಹೆಣ್ಣಿನ ನೋವು ಇಲ್ಲಿ ಕಥೆಯ ನಡುವೆಯೇ ಬಂದು ಕುಳಿತಿದೆ. ಒಂದು ಜನಸಮುದಾಯ ತಾನು ಯಾರನ್ನು ನಂಬಿದ್ದೇನೆ, ಯಾವುದನ್ನು ಅನ್ಯಾಯವೆನ್ನುತ್ತೇನೆ ಎಂಬುದನ್ನು ತನಗೆ ತಾನೇ ಹೇಳಿಕೊಳ್ಳುವ ಹಾಡೇ ಮಹಾಕಾವ್ಯವೆಂದರೆ, ಇದಕ್ಕೆ ಆ ಹೆಸರು ಸಲ್ಲಲೇಬೇಕು.

ಬೆಂಕಿಗೆ ಇಳಿದ ರಾಮ

ಇಪ್ಪತ್ತನೆಯ ಶತಮಾನದಲ್ಲಿ ಮಹಾಕಾವ್ಯದ ಯುಗ ಮುಗಿಯಿತು, ಇನ್ನೇನಿದ್ದರೂ ಕಾದಂಬರಿಯ ಕಾಲವೆಂದು ವಿಮರ್ಶಕರು ಹೇಳುತ್ತಿದ್ದಾಗ, ಕುವೆಂಪು 1949ರಲ್ಲಿ ಶ್ರೀ ರಾಮಾಯಣ ದರ್ಶನಂ ಕೃತಿಯನ್ನು ಕನ್ನಡಕ್ಕೆ ಕೊಟ್ಟರು. ನಾಲ್ಕು ಸಂಪುಟಗಳು, 22 ಸಾವಿರಕ್ಕೂ ಮೀರಿದ ಸಾಲುಗಳು, ಸರಳ ರಗಳೆಯಿಂದ ಬೆಳೆಸಿಕೊಂಡ ಮಹಾಛಂದಸ್ಸು, ಹೋಮರನನ್ನು ನೆನಪಿಗೆ ತರುವ ಮಹೋಪಮೆಗಳು—ಲಕ್ಷಣದ ದೃಷ್ಟಿಯಿಂದ ಅದಕ್ಕೆ ಯಾವ ಕೊರತೆಯೂ ಇಲ್ಲ. ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್‌ರಿಗೂ, ಪಂಪ ನಾರಣಪ್ಪರಿಗೂ ಕವಿ ಒಂದೇ ಸಾಲಿನಲ್ಲಿ ನಮಸ್ಕರಿಸಿದ್ದಾರೆ. 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, 1967ನೆಯ ವರ್ಷದ ಜ್ಞಾನಪೀಠವೂ ಅದಕ್ಕೆ ಸಂದವು.

ಆ ಕಾವ್ಯದ ಹೊಸತನವಿರುವುದು ನಾಯಕನ ಕಲ್ಪನೆಯಲ್ಲಿ. ಲೋಕ ಶತಮಾನಗಳಿಂದ ಶಪಿಸಿದ ಮಂಥರೆ ಇಲ್ಲಿ ಮಮತೆಯಿಂದ ಕುರುಡಾದ ಮುದುಕಿ. ಹದಿನಾಲ್ಕು ವರ್ಷ ಕಾದು ಕುಳಿತ ಊರ್ಮಿಳೆ ತಪಸ್ವಿನಿ. ರಾವಣನಲ್ಲಿಯೂ ಪಶ್ಚಾತ್ತಾಪದ ಬೆಳಕು ಮೂಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಗ್ನಿಪರೀಕ್ಷೆಯ ಸಂದರ್ಭದಲ್ಲಿ ಸೀತೆಯೊಬ್ಬಳೇ ಬೆಂಕಿಗೆ ಇಳಿಯುವುದಿಲ್ಲ, ರಾಮನೂ ಇಳಿಯುತ್ತಾನೆ. ಅರಸನಾಗಿ ಲೋಕಕ್ಕೆ ಸಲ್ಲಿಸಬೇಕಾದ ಋಣ ಒಂದು, ಪತಿಯಾಗಿ ಸೀತೆಗೆ ಸಲ್ಲಿಸಬೇಕಾದ ಋಣ ಇನ್ನೊಂದು. ಪರೀಕ್ಷೆಯನ್ನು ಅವಳ ಮೇಲೆ ಮಾತ್ರ ಹೊರಿಸಿದರೆ ಎರಡನೆಯದು ತೀರದೆ ಉಳಿಯುತ್ತದೆಂಬುದನ್ನು ಕುವೆಂಪು ಕಂಡರು. ಪಂಪನ ಕರ್ಣನನ್ನು ಕಾಡಿದ ಇಕ್ಕಟ್ಟೇ ಇಲ್ಲಿ ಹೊಸ ಉತ್ತರವನ್ನು ಪಡೆದಿದೆ.

ಹೀಗೆ ನೋಡಿದರೆ ಧೀರೋದಾತ್ತನೆಂಬ ಹಳೆಯ ಮಾತಿನ ಅರ್ಥ ವಿಶದವಾಗುತ್ತದೆ. ಉದಾತ್ತನೆಂದರೆ ಎತ್ತರದ ಕುಲದಲ್ಲಿ ಹುಟ್ಟಿದವನಲ್ಲ. ಗೆಲ್ಲುವುದು ಖಂಡಿತವಾಗಿರುವವನೂ ಅಲ್ಲ. ಎರಡು ನ್ಯಾಯಗಳು ಒಂದಕ್ಕೊಂದು ಎದುರಾದಾಗ, ಎರಡನ್ನೂ ತನ್ನವೆಂದು ಒಪ್ಪಿಕೊಂಡು, ತಾನು ಮಾಡಿದ ಆಯ್ಕೆಯ ಬೆಲೆಯನ್ನು ಬೇರೆಯವರ ಮೇಲೆ ಹೊರಿಸದೆ ತಾನೇ ತೆರತಕ್ಕವನು ಅವನು. ಅಂಥ ಇಕ್ಕಟ್ಟುಗಳು ಕುರುಕ್ಷೇತ್ರಕ್ಕೇ ಮೀಸಲಲ್ಲ. ಮುಪ್ಪಿನ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು, ಮಕ್ಕಳ ವಿದ್ಯೆಗಾಗಿ ಬೊಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ದಿನ ನೂಕುವ ಕಾರ್ಮಿಕ ಹೆಂಗಸಿಗೂ ಎರಡು ಋಣಗಳ ಭಾರ ಗೊತ್ತು. ಅವಳಿಗೆ ಕಲ್ಲು ನಿಲ್ಲಿಸುವವರಿಲ್ಲ, ಕಲ್ನಾಡು ಬಿಡುವ ಅರಸರಿಲ್ಲ. ಆದರೆ ಕರ್ಣನ ಕಥೆಯನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರೆ, ವಿವರಣೆಯ ಅಗತ್ಯವಿಲ್ಲದೆ ಅದು ಅವಳಿಗೆ ಅರ್ಥವಾಗುತ್ತದೆ. ಸಾವಿರ ವರ್ಷಗಳಾದರೂ ಈ ಕಾವ್ಯಗಳು ಸವೆಯದೆ ಉಳಿದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.